ಟ್ರಾವಿಸ್ ಬಿಕಲ್: ಬಾಗಿಲು ಹಾಕಿಕೊಂಡವನು

ಸ್ನೇಹಿತರೆ, ‘ಟ್ಯಾಕ್ಸಿ ಡ್ರೈವರ್’ ಈಗಷ್ಟೇ ನೋಡಿ ಮುಗಿಸಿದ್ದೇವೆ. ಕೊನೆಯ ಗುಂಡಿನ ಕಾಳಗದ ಬಗ್ಗೆ ಮಾತಾಡಲು ನಿಮಗೆಲ್ಲ ಆತುರವಿರುತ್ತದೆ. ನಾನು ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ.

ತಾನು ಮೆಚ್ಚಿದ ಬೆಟ್ಸಿಯನ್ನು ಸಿನಿಮಾಕ್ಕೆ ಕರೆದೊಯ್ದ ಟ್ಯಾಕ್ಸಿ ಚಾಲಕ ಟ್ರಾವಿಸ್ ಅವಳನ್ನು ಕೂರಿಸಿದ್ದು ನೀಲಿಚಿತ್ರ ಓಡುವ ಥಿಯೇಟರಿನಲ್ಲಿ. ಅವಳು ಎದ್ದುಹೋದಳು. ಆಮೇಲೆ ಅವನು ಗೋಡೆಯ ಫೋನ್ ಹಿಡಿದು, ಕಳಿಸಿದ ಹೂವು ತಲುಪಿತೇ ಎಂದು ವಿಚಾರಿಸುತ್ತಾನೆ. ಮಾತು ಇನ್ನೂ ನಡೆದಿರುವಾಗಲೇ ಕ್ಯಾಮೆರಾ ಅವನನ್ನು ಬಿಟ್ಟು ಪಕ್ಕಕ್ಕೆ ಸರಿದು, ಖಾಲಿ ಕಾರಿಡಾರನ್ನು ನೋಡುತ್ತ ನಿಂತುಬಿಡುತ್ತದೆ. ಅವನ ಅವಮಾನವನ್ನು ಅದು ನೋಡಲಾರದು. ಅದೇ ಕ್ಯಾಮೆರಾ ಕೊನೆಯಲ್ಲಿ ಹೆಣಗಳ ಮೇಲೆ, ಚಾವಣಿಯಿಂದ, ಅವಸರವಿಲ್ಲದೆ ಹಾದುಹೋಗುತ್ತದೆ. ಆ ರಕ್ತದ ಕೆಂಪು ವಿಪರೀತವಾಯಿತೆಂದು ರೇಟಿಂಗ್ ಮಂಡಳಿ ತಕರಾರು ತೆಗೆದಾಗ ನಿರ್ದೇಶಕ ಸ್ಕಾರ್ಸೆಸಿ ಬಣ್ಣವನ್ನು ಮಂಕಾಗಿಸಿದರು. ರಕ್ತವನ್ನಾದರೂ ನೋಡಬಹುದು, ತಿರಸ್ಕಾರವನ್ನು ಸಹಿಸಲಾಗದು: ಟ್ರಾವಿಸನ ತಲೆ ಓಡುವುದೂ ಹೀಗೆಯೇ.

ಅವನನ್ನು ನಗರ ಒಂಟಿ ಮಾಡಿತು ಎನ್ನುವವರಿದ್ದಾರೆ. ಅದರಲ್ಲಿ ಒಂದಿಷ್ಟು ನಿಜವಿದೆ. ಚಿತ್ರೀಕರಣ ನಡೆದದ್ದು 1975ರ ಬೇಸಿಗೆಯಲ್ಲಿ. ನ್ಯೂಯಾರ್ಕ್ ನಗರಾಡಳಿತ ಅಕ್ಷರಶಃ ದಿವಾಳಿಯ ಅಂಚಿನಲ್ಲಿತ್ತು. ಇವನಿಗೆ 26 ವರ್ಷ, ಮರೀನ್ ದಳದಿಂದ ಬಂದವನು, ನಿದ್ದೆ ಇಲ್ಲ. ಆದರೂ ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೆಟ್ಸಿ ತಾನಾಗಿ ಒಪ್ಪಿ ಬಂದಿದ್ದಳು. ಕೆಫೆಟೇರಿಯಾದಲ್ಲಿ ಸಹೋದ್ಯೋಗಿಗಳು ಜಾಗ ಬಿಟ್ಟು ಕೂರಿಸಿಕೊಳ್ಳುತ್ತಾರೆ. ಅಪ್ಪ-ಅಮ್ಮನೂ ಇದ್ದಾರೆ. ಅವರ ವಿವಾಹ ವಾರ್ಷಿಕೋತ್ಸವ, ಅಪ್ಪಂದಿರ ದಿನ, ಅಮ್ಮನ ಹುಟ್ಟುಹಬ್ಬ ಎಲ್ಲಕ್ಕೂ ಸೇರಿಸಿ ಇವನು ಬರೆಯುವುದು ಒಂದೇ ಕಾರ್ಡು. ಅದರಲ್ಲಿ ತಾನು ಸರ್ಕಾರದ ಗುಟ್ಟಿನ ಕೆಲಸದಲ್ಲಿದ್ದೇನೆಂಬ ಸುಳ್ಳು! ಒಂದೊಂದೇ ಬಾಗಿಲನ್ನು ಒಳಗಿನಿಂದ ಅವನೇ ಹಾಕಿಕೊಳ್ಳುತ್ತಾನೆ.

ನನ್ನ ಈ ಮಾತಿಗೆ ಒಂದು ಅಪವಾದವಿದೆ, ಮುಚ್ಚಿಡುವುದಿಲ್ಲ. ಒಂದು ರಾತ್ರಿ ಹಿರಿಯ ಚಾಲಕ ವಿಜರ್ಡ್‌ನನ್ನು ಹೊರಗೆ ಕರೆದು, ತಲೆಯಲ್ಲಿ ಕೆಟ್ಟ ಯೋಚನೆಗಳು ಬರುತ್ತಿವೆ ಎನ್ನುತ್ತಾನೆ. ಆ ಪುಣ್ಯಾತ್ಮ ಕೆಲಸವೇ ಮನುಷ್ಯ ಅಂತ ಏನೇನೋ ತತ್ವಜ್ಞಾನ ಹೇಳಿ ಬೆನ್ನು ತಟ್ಟುತ್ತಾನೆ. ಟ್ರಾವಿಸ್ ಕೈಚಾಚಿದ್ದು ಅದೊಂದೇ ಸಲ, ಸಿಕ್ಕಿದ್ದು ಅಷ್ಟೇ.

ಚಿತ್ರಕಥೆ ಬರೆದ ಪಾಲ್ ಶ್ರೇಡರ್‌ಗೆ ಈ ಸ್ಥಿತಿ ಗೊತ್ತಿತ್ತು: ಸಂಸಾರ ಮುರಿದು, ಕಾರಿನಲ್ಲೇ ಮಲಗುತ್ತ, ವಾರಗಟ್ಟಲೆ ಯಾರೊಂದಿಗೂ ಮಾತಾಡದೆ, ಹೊಟ್ಟೆಹುಣ್ಣಿನಿಂದ ಆಸ್ಪತ್ರೆ ಸೇರಿದ್ದರು. ಜೊತೆಗೆ 1972ರಲ್ಲಿ ರಾಜಕಾರಣಿ ಜಾರ್ಜ್ ವಾಲೇಸ್‌ಗೆ ಗುಂಡಿಟ್ಟ ಆರ್ಥರ್ ಬ್ರೆಮರ್‌ನ ಪ್ರಕರಣವೂ ಅವರ ಮನಸ್ಸಿನಲ್ಲಿತ್ತು.

ಟ್ರಾವಿಸ್ ಕನ್ನಡಿಯೆದುರು ತನ್ನೊಂದಿಗೇ ಮಾತಾಡುವ ದೃಶ್ಯ, ಆ ಪಾತ್ರ ಮಾಡಿದ ಡಿ ನಿರೋ ಸ್ಥಳದಲ್ಲೇ ಕಟ್ಟಿದ್ದು. ಚಿತ್ರಕಥೆಯಲ್ಲಿ ಆ ಸಂಭಾಷಣೆ ಇರಲಿಲ್ಲ. ‘ನನ್ನ ಹತ್ತಿರ ಮಾತಾಡ್ತಿದೀಯಾ?’ ಎಂಬ ಪ್ರಶ್ನೆ ಟೀಶರ್ಟಿನ ಮೇಲೆ ಬಂದು ಮಜಾ ಆಗಿಬಿಟ್ಟಿದೆ. ಅದರ ಬೆನ್ನಿಗೇ ಅವನು, ಇಲ್ಲಿರೋನು ನಾನೊಬ್ಬನೇ ಎನ್ನುತ್ತಾನೆ. ಆ ಭಾಗವನ್ನು ಯಾರೂ ಅಚ್ಚು ಹಾಕಿಸಿಕೊಳ್ಳುವುದಿಲ್ಲ.

ಇನ್ನು ಆ ‘ವೀರ’ನ ವಿಷಯ. ಅವನು ಮೊದಲು ಹೊರಟದ್ದು ಚುನಾವಣಾ ಅಭ್ಯರ್ಥಿ ಪ್ಯಾಲಂಟೈನ್‌ನನ್ನು ಕೊಲ್ಲಲು. ರಕ್ಷಣಾ ಸಿಬ್ಬಂದಿ ಗುರುತಿಸಿದರು, ಓಡಿದ. ಅದೇ ಬಂದೂಕುಗಳನ್ನು ಹೊತ್ತು ಐರಿಸ್ ಎಂಬ ಹುಡುಗಿಯಿದ್ದ ವೇಶ್ಯಾಗೃಹಕ್ಕೆ ನುಗ್ಗಿ, ಅವಳನ್ನು ದಂಧೆಗಿಳಿಸಿದವರನ್ನು ಕೊಂದ. ಪತ್ರಿಕೆಗಳು ಹೊಗಳಿದವು, ಹುಡುಗಿಯ ತಂದೆ ಕೃತಜ್ಞತೆಯ ಕಾಗದ ಬರೆದರು. ಆ ಸಿಬ್ಬಂದಿಯ ಕಣ್ಣಿಗೆ ಬೀಳದೇ ಹೋಗಿದ್ದರೆ ಅದೇ ಪತ್ರಿಕೆಗಳಲ್ಲಿ ಅವನು ಹಂತಕ. ಅವನೊಳಗೆ ಬದಲಾದದ್ದೇನೂ ಇಲ್ಲ, ಗುರಿ ಬದಲಾಯಿತು ಅಷ್ಟೆ. ಈ ವ್ಯಂಗ್ಯ ಎಲ್ಲರಿಗೂ ತಲುಪಲಿಲ್ಲ. 1981ರಲ್ಲಿ ಜಾನ್ ಹಿಂಕ್ಲಿ ಅಧ್ಯಕ್ಷ ರೇಗನ್‌ಗೆ ಗುಂಡು ಹಾರಿಸಿದ, ಐರಿಸ್ ಪಾತ್ರ ಮಾಡಿದ ಜೋಡಿ ಫಾಸ್ಟರ್ ಮೆಚ್ಚಲೆಂದು. ಅವನ ವಿಚಾರಣೆಯಲ್ಲಿ ಜ್ಯೂರಿಗೆ ಈ ಚಿತ್ರವನ್ನೇ ತೋರಿಸಲಾಯಿತು.

ಕೊನೆಯ ಭಾಗವೆಲ್ಲ, ಆ ಕಾಳಗದಲ್ಲಿ ಗುಂಡು ತಗುಲಿ ಸಾಯುತ್ತಿರುವ ಟ್ರಾವಿಸನ ಕನಸು ಎಂಬ ವಾದವೊಂದಿದೆ. ನನಗೆ ಅದು ಹಿಡಿಸದು. ಕನಸೆಂದರೆ ಆ ಪತ್ರಿಕೆಗಳೂ ಅವುಗಳನ್ನು ಓದಿ ಮೆಚ್ಚಿದವರೂ ಸುಲಭವಾಗಿ ಪಾರಾಗುತ್ತಾರೆ. ನಿಮ್ಮಲ್ಲಿ ಯಾರಾದರೂ ಆ ವಾದದ ಪರ ಇದ್ದರೆ ಮೈಕು ತೆಗೆದುಕೊಳ್ಳಿ, ಚರ್ಚೆ ಅಲ್ಲಿಂದಲೇ ಶುರುವಾಗಲಿ.