ಡಬ್ಲ್ಯೂ ಪುಕ್ಕಟೆ ಅಲ್ಲ: ಕಾಲೇಜು ಮಕ್ಕಳ ಫೈನಾನ್ಷಿಯಲ್ ಏಡ್ ಬಗ್ಗೆ ರಾಜ್ಯೋತ್ಸವದ ದಿನ ಆಡಿದ ಮಾತು

ಎಲ್ರಿಗೂ ನಮಸ್ಕಾರ, ರಾಜ್ಯೋತ್ಸವದ ಶುಭಾಶಯ. ನಾಡಗೀತೆ ಆಯ್ತು, ಮಕ್ಕಳ ಡ್ಯಾನ್ಸ್ ಆಯ್ತು, ಹಿಂದ್ಗಡೆ ಬಿಸಿಬೇಳೆಬಾತ್ ವಾಸನೆ ನನಗೂ ಬರ್ತಿದೆ, ಕಾರ್ಯದರ್ಶಿಗಳು 20 ನಿಮಿಷ ಕೊಟ್ಟಿದಾರೆ. ಈ ಮಾತು ಇವತ್ತೇ ಆಡ್ಬೇಕು ಅಂತ ನಾನೇ ಹಠ ಹಿಡಿದು ಕೇಳ್ಕೊಂಡೆ, ಯಾಕಂದ್ರೆ ಇದು ನವೆಂಬರ್, ಇಲ್ಲಿ ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಫಾಲ್ ಸೆಮಿಸ್ಟರಿನ ಕೋರ್ಸ್ ಬಿಡೋಕೆ, ಅಂದ್ರೆ ಗ್ರೇಡ್ ಬದಲು ಡಬ್ಲ್ಯೂ (ವಿತ್‌ಡ್ರಾ) ತಗೊಳ್ಳೋಕೆ, ಕೊನೇ ದಿನ ಈ ತಿಂಗಳಲ್ಲೇ ಬರತ್ತೆ, ನಿಮ್ಮ ಮಗನೋ ಮಗಳೋ ಈಗ ರೂಮಲ್ಲಿ ಕೂತು ಲ್ಯಾಪ್‌ಟಾಪಲ್ಲಿ ಆ ಬಟನ್ ಒತ್ತಲಾ ಬೇಡ್ವಾ ಅಂತ ನೋಡ್ತಾ ಇರಬಹುದು.

ನಾನು 11 ವರ್ಷದಿಂದ ಒಂದು ಕಮ್ಯುನಿಟಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಲ್ಲಿದೀನಿ. ನಮ್ಮಲ್ಲಿ ದಿನಾ ಕೇಳೋ ಪದ ಸ್ಯಾಪ್. (ಓ ನಗ್ತಿದೀರ, ಗೊತ್ತಿತ್ತು, ಇಲ್ಲಿರೋ ಅರ್ಧ ಜನ ಆಫೀಸಲ್ಲಿ ಅದೇ ಸಾಫ್ಟ್‌ವೇರ್ ಜೊತೆ ಗುದ್ದಾಡೋರು.) ಇದು ಆ ಸ್ಯಾಪ್ ಅಲ್ಲ. ಸ್ಯಾಟಿಸ್ಫ್ಯಾಕ್ಟರಿ ಅಕಡೆಮಿಕ್ ಪ್ರೋಗ್ರೆಸ್, ಅಂದ್ರೆ ಓದು ಸರಿಯಾಗಿ ಮುಂದೆ ಸಾಗ್ತಿದೆಯಾ ಅನ್ನೋ ಲೆಕ್ಕ, ಅದು ಸರಿ ಇದ್ರೇನೇ ಏಡ್ ಮುಂದುವರಿಯತ್ತೆ. ಫೆಡರಲ್ ಸರ್ಕಾರದ ದುಡ್ಡು, ಅಂದ್ರೆ ಪೆಲ್ ಗ್ರಾಂಟು, ಸ್ಟೂಡೆಂಟ್ ಲೋನು, ವರ್ಕ್ ಸ್ಟಡಿ, ಇವೆಲ್ಲ ಫಾಫ್ಸಾ ಅನ್ನೋ ಅರ್ಜಿ ತುಂಬಿಬಿಟ್ರೆ ನಾಲ್ಕು ವರ್ಷ ತಾನಾಗೇ ಬರತ್ತೆ ಅಂತ ನಮ್ಮ ಜನ ಅಂದ್ಕೊಂಡಿದಾರೆ. ಫಾಫ್ಸಾ ತುಂಬೋ ವರ್ಕ್‌ಶಾಪು ನಮ್ಮ ಕೂಟದಲ್ಲೂ ಮಾಡಿದೀವಿ, ಆದ್ರೆ ಒಳಗೆ ಹೋದ್ಮೇಲೆ ಆ ದುಡ್ಡು ಉಳಿಸ್ಕೊಳ್ಳೋದು ಹೇಗೆ ಅಂತ ಯಾರೂ ಒಂದ್ ಮಾತು ಹೇಳಿಲ್ಲ. ಪೆಲ್ ಗ್ರಾಂಟ್ ಅಂದ್ರೆ ಸಣ್ಣ ದುಡ್ಡಲ್ಲ, 2024-25ರಲ್ಲೂ 2025-26ರಲ್ಲೂ ವರ್ಷಕ್ಕೆ ಗರಿಷ್ಠ 7,395 ಡಾಲರ್, ವಾಪಸ್ ಕೊಡೋ ಹಾಗೇ ಇಲ್ಲ.

ಸ್ಯಾಪಲ್ಲಿ ಮೂರು ಲೆಕ್ಕ ನೋಡ್ತಾರೆ. ಒಂದು ಜಿಪಿಎ, ಗ್ರೇಡುಗಳ ಸರಾಸರಿ, ಅದು ಎಲ್ರಿಗೂ ಗೊತ್ತು, ಎರಡು ವರ್ಷ ಮುಗಿಯೋಷ್ಟರಲ್ಲಿ ಸಿ ಗ್ರೇಡ್ ಮಟ್ಟ ಇರ್ಬೇಕು, ಸಾಮಾನ್ಯವಾಗಿ 2.0. ಎರಡನೇದು ಪೇಸ್. ಪ್ರತಿ ಕೋರ್ಸಿಗೂ ಅದರ ತೂಕದ ಲೆಕ್ಕ ಕ್ರೆಡಿಟ್, ಪೇಸ್ ಅಂದ್ರೆ ಶುರುಮಾಡಿದ ಕ್ರೆಡಿಟ್‌ಗಳಲ್ಲಿ ಎಷ್ಟನ್ನ ಪಾಸ್ ಮಾಡಿ ಮುಗಿಸಿದೀರಿ, ಬಹಳ ಕಾಲೇಜುಗಳಲ್ಲಿ 67 ಪರ್ಸೆಂಟ್. ಮೂರನೇದು ಒಟ್ಟು ಮಿತಿ, ಡಿಗ್ರಿಯ ಉದ್ದದ 150 ಪರ್ಸೆಂಟ್, 120 ಕ್ರೆಡಿಟಿನ ಡಿಗ್ರಿಗೆ 180 ಕ್ರೆಡಿಟ್ ತನಕ ಶುರುಮಾಡಬಹುದು, ಆಮೇಲೆ ಏಡ್ ಇಲ್ಲ. ಮೊದಲನೇದ್ರಲ್ಲಿ ನಮ್ಮ ಮಕ್ಕಳು ಬೀಳೋದು ಕಡಿಮೆ. ನಮ್ಮ ಮಕ್ಕಳು ಬೀಳೋದು ಎರಡನೇದ್ರಲ್ಲಿ, ಮತ್ತೆ ಯಾಕೆ ಬೀಳ್ತಾರೆ ಅಂದ್ರೆ ಜಿಪಿಎ ಉಳಿಸ್ಕೊಳ್ಳೋಕೆ ಹೋಗಿ ಬೀಳ್ತಾರೆ!

ಹೇಗೆ ಅಂತೀರಾ? ಸಿ ಬರೋ ಥರ ಇದೆ, ಅಪ್ಪ ಅಮ್ಮ ಬೈತಾರೆ, ಮೆಡಿಸಿನ್‌ಗೆ ಅಪ್ಲೈ ಮಾಡ್ಬೇಕು, ಸರಿ ಕೋರ್ಸ್ ಬಿಟ್ಬಿಡೋಣ, ಡಬ್ಲ್ಯೂ ಬರತ್ತೆ, ಡಬ್ಲ್ಯೂ ಜಿಪಿಎಗೆ ಸೇರಲ್ಲ, ಆಯ್ತಲ್ಲ. ಫ್ರೆಂಡ್ಸೂ ಇದನ್ನೇ ಹೇಳ್ತಾರೆ, ನಾವೂ ಇದನ್ನೇ ಹೇಳ್ತೀವಿ. ಜಿಪಿಎಗೆ ಸೇರಲ್ಲ ಅನ್ನೋದು ನಿಜ. ಆದ್ರೆ ಪೇಸ್ ಲೆಕ್ಕದಲ್ಲಿ ಅದು ಶುರುಮಾಡಿದ್ದು ಹೌದು, ಮುಗಿಸಿದ್ದು ಅಲ್ಲ. ಡಬ್ಲ್ಯೂ ಪುಕ್ಕಟೆ ಅಲ್ಲ. ನೀವು ಊಟಕ್ಕೆ ಹೋಗೋ ಮುಂಚೆ ಈ ಒಂದು ಮಾತು ನೆನಪಿಟ್ಕೊಂಡ್ರೆ ಸಾಕು ನನಗೆ.

ನಾವು ಓದಿದ ಕಾಲದ ಲೆಕ್ಕ ಬೇರೆ ಇತ್ತು. ಬ್ಯಾಕ್ ಬಿದ್ರೆ ಮುಂದಿನ ಸಲ ಕಟ್ಟಿ ಕ್ಲಿಯರ್ ಮಾಡಿದ್ರೆ ಮುಗೀತು, ಯಾರೂ ಹಳೇದು ಕೇಳ್ತಿರ್ಲಿಲ್ಲ. ಇಲ್ಲಿ 3 ಕ್ರೆಡಿಟಿನ ಕೋರ್ಸಲ್ಲಿ ಎಫ್ ಬಂತು, ಮುಂದಿನ ಸೆಮಿಸ್ಟರಲ್ಲಿ ಮತ್ತೆ ತಗೊಂಡು ಎ ಬಂತು ಅಂತಿಟ್ಕೊಳ್ಳಿ, ಎಷ್ಟೋ ಕಡೆ ಜಿಪಿಎಯಲ್ಲಿ ಎಫ್ ಜಾಗಕ್ಕೆ ಎ ಬರತ್ತೆ, ಆದ್ರೆ ಪೇಸಲ್ಲಿ ಶುರುಮಾಡಿದ್ದು 6, ಮುಗಿಸಿದ್ದು 3.

ಈಗ ಒಬ್ಬ ಹುಡುಗನ ಕಥೆ ಹೇಳ್ತೀನಿ. ಅವನನ್ನ ಕೇಳೇ ಹೇಳ್ತಿರೋದು, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದೀನಿ. ಅವತ್ತು ನನ್ನ ಮುಂದೆ ಬಂದು ಕೂತಾಗ ಅವನಿಗೆ ನಾನು ಕನ್ನಡದೋಳು ಅಂತ ಗೊತ್ತಿರ್ಲಿಲ್ಲ, ನಮ್ಮ ಬ್ಯಾಡ್ಜಲ್ಲಿ ಬರೀ ಮೊದಲ ಹೆಸರು ಇರತ್ತೆ. ಏಡ್ ಸಸ್ಪೆಂಡ್ ಆಗಿದೆ ಅಂತ ಈಮೇಲ್ ಬಂದಿತ್ತು, ಅಪೀಲ್ ಬರ್ಕೊಂಡು ಬಂದಿದ್ದ. ನಾನು ಮೊದ್ಲು ಲೆಕ್ಕ ನೋಡಿದೆ. ಮೊದಲ ವರ್ಷ 30 ಕ್ರೆಡಿಟ್ ಶುರುಮಾಡಿ 24 ಮುಗಿಸಿದಾನೆ, ಎರಡು ಡಬ್ಲ್ಯೂ, 80 ಪರ್ಸೆಂಟ್, ತೊಂದರೆ ಇಲ್ಲ. ಎರಡನೇ ವರ್ಷದ ಫಾಲಲ್ಲಿ 15 ಶುರು, ಮುಗಿಸಿದ್ದು ಬರೀ 3, ನಾಲ್ಕು ಡಬ್ಲ್ಯೂ. 45ಕ್ಕೆ 27, 60 ಪರ್ಸೆಂಟ್. ಆಗ ವಾರ್ನಿಂಗ್ ಬಂದಿದೆ, ವಾರ್ನಿಂಗಲ್ಲಿ ಒಂದು ಸೆಮಿಸ್ಟರ್ ದುಡ್ಡು ಬರತ್ತೆ, ಹಾಗಾಗಿ ಅವನು ಆ ಈಮೇಲ್ ತೆಗೆದೇ ನೋಡಿಲ್ಲ. ಸ್ಪ್ರಿಂಗಲ್ಲಿ 12ಕ್ಕೆ 9, ಮತ್ತೊಂದು ಡಬ್ಲ್ಯೂ. ಒಟ್ಟು 57ಕ್ಕೆ 36, 63 ಪರ್ಸೆಂಟ್ ಚಿಲ್ರೆ. ಜಿಪಿಎ ಎಷ್ಟು ಗೊತ್ತಾ? 2.9. ಒಂದೂ ಎಫ್ ಇಲ್ಲ. ಪೂರ್ತಿ ಡಬ್ಲ್ಯೂಗಳಿಂದಲೇ ಏಡ್ ಹೋಗಿತ್ತು.

ಅಪೀಲ್ ಓದಿದೆ. ಚಂದದ ಇಂಗ್ಲಿಷು. ಟೈಮ್ ಮ್ಯಾನೇಜ್ಮೆಂಟ್ ಮಹತ್ವ ಕಲಿತೆ, ಜವಾಬ್ದಾರಿ ಅರ್ಥ ಆಯ್ತು, ಇಂಥವು. ಅಂಥಾ ಕಾಗದ ವಾರಕ್ಕೆ ಹತ್ತು ಓದ್ತೀನಿ, ಒಂದ್ರಲ್ಲೂ ಮನುಷ್ಯ ಕಾಣಲ್ಲ. ಫಾಲಲ್ಲಿ ಏನಾಯ್ತಪ್ಪ ಅಂತ ಕೇಳಿದೆ. ಏನಿಲ್ಲ ಅಂದ. ನಾಲ್ಕು ಕೋರ್ಸ್ ಒಂದೇ ವಾರ ಬಿಟ್ಟಿದೀಯ, ಏನಿಲ್ಲ ಅಂದ್ರೆ ಹೇಗೆ ಅಂದೆ. ಸುಮ್ನೆ ಕೂತ. ಆಮೇಲೆ ನೋಟ್‌ಬುಕ್ ಒಳಗಿಂದ ಒಂದು ಕಾರ್ಡ್ ತೆಗೆದು, ಇದು ಕನ್ನಡದಲ್ಲಿದೆ, ನಿಮಗೆ ಓದೋಕೆ ಬರಲ್ಲ, ಅಂತ ಇಂಗ್ಲಿಷಲ್ಲಿ ಹೇಳಿ ಮೇಜಿನ ಮೇಲಿಟ್ಟ.

ದಾವಣಗೆರೆ ಕಡೆ ಪ್ರಿಂಟ್ ಮಾಡ್ಸಿದ ಕಾರ್ಡು. ಮೇಲ್ಗಡೆ ಓಂ ಶ್ರೀ ಗುರುಬಸವಲಿಂಗಾಯ ನಮಃ. ನಡುವೆ ಅಜ್ಜಿ ಫೋಟೋ, ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು, ಕೆಳಗೆ ಹೆಸರಿನ ಹಿಂದೆ ಲಿಂಗೈಕ್ಯ, ಶಿವಗಣಾರಾಧನೆ ದಿನ, ಅದರ ಕೆಳಗೆ ದುಃಖತಪ್ತ ಕುಟುಂಬ ವರ್ಗ ಅಂತ ಹೆಸರುಗಳ ಸಾಲು, ಆ ಸಾಲಲ್ಲಿ ಕೊನೇಲಿ ಮೊಮ್ಮಕ್ಕಳು, ಅಲ್ಲಿ ಇವನ ಹೆಸರು. ಕಾರ್ಡಿನ ಮೂಲೆ ಎಲ್ಲ ಮೆತ್ತಗಾಗಿತ್ತು, ದಿನಾ ತೆಗೆದು ನೋಡಿದ್ರೆ ಆಗತ್ತಲ್ಲ ಹಾಗೆ. ನಾನು ಮೊದಲ ಸಾಲು ಜೋರಾಗಿ ಓದಿದೆ. ಆ ಹುಡುಗ ನನ್ನ ಮುಖ ನೋಡಿದ್ದು ಇವತ್ತಿಗೂ ನನಗೆ ಮರೆತಿಲ್ಲ. ಆಂಟಿ, ನಿಮಗೆ ಕನ್ನಡ ಬರತ್ತಾ ಅಂದ, ಆಮೇಲೆ ಅತ್ತ.

ಎಂಟು ವರ್ಷದ ತನಕ ಅಜ್ಜಿನೇ ಸಾಕಿದ್ದು. ಅಪ್ಪ ಅಮ್ಮ ಊರಿಗೆ ಓಡಿದ್ರು, ಮೂರು ವಾರ. ಇವನಿಗೆ ಮಿಡ್‌ಟರ್ಮ್ ಇದೆ, ನೀನು ಇರು, ತಂಗೀನ ನೋಡ್ಕೋ ಅಂದ್ರು. ತಂಗಿ ಒಂಬತ್ತನೇ ಕ್ಲಾಸು. ಬೆಳಗ್ಗೆ ಅವಳನ್ನ ಬಿಡೋದು, ಮಧ್ಯಾಹ್ನ ಕರ್ಕೊಂಡು ಬರೋದು, ಅನ್ನ ಮಾಡೋದು, ರಾತ್ರಿ ಅವಳು ಮಲಗಿದ್ಮೇಲೆ ಇವನು ಎದ್ದಿರೋದು. ಮಿಡ್‌ಟರ್ಮ್ ಬರೀಲೇ ಇಲ್ಲ. ಅಪ್ಪ ಅಮ್ಮ ವಾಪಸ್ ಬಂದಾಗ ಕಾಲೇಜು ಚೆನ್ನಾಗಿ ನಡೀತಿದೆ ಅಂದ. ಇದನ್ನ ಯಾಕೋ ಬರೀಲಿಲ್ಲ ಅಪೀಲಲ್ಲಿ ಅಂತ ಕೇಳಿದ್ರೆ ಏನಂದ ಗೊತ್ತಾ? ಅಜ್ಜಿ ತೀರ್ಕೊಂಡಿದ್ದನ್ನ ತೋರ್ಸಿ ದುಡ್ಡು ಕೇಳಿದ ಹಾಗಾಗತ್ತಲ್ಲ ಆಂಟಿ, ಅಂದ.

ನೋಡಿ, ಫೆಡರಲ್ ನಿಯಮದಲ್ಲೇ ಬರೆದಿದೆ, ಸಂಬಂಧಿಕರ ಸಾವು, ವಿದ್ಯಾರ್ಥಿಗೆ ಪೆಟ್ಟು ಅಥವಾ ಕಾಯಿಲೆ, ಬೇರೆ ವಿಶೇಷ ಸಂದರ್ಭ, ಇವಕ್ಕೆ ಕಾಲೇಜು ಅಪೀಲ್ ತಗೋಬಹುದು. ಅದು ಭಿಕ್ಷೆ ಅಲ್ಲ. ಆದ್ರೆ ಎರಡು ಪ್ರಶ್ನೆಗೆ ಉತ್ತರ ಇರಲೇಬೇಕು: ಏನಾಯ್ತು, ಈಗ ಏನು ಬದಲಾಗಿದೆ. ಎರಡನೇದನ್ನ ನಮ್ಮ ಮಕ್ಕಳು ಬರೆಯೋದೇ ಇಲ್ಲ, ಇನ್ಮೇಲೆ ಚೆನ್ನಾಗಿ ಓದ್ತೀನಿ ಅಂತ ಬರೀತಾರೆ. ಅವನು ಹೊಸದಾಗಿ ಬರೆದ. ಅಮ್ಮ ಮನೇಲಿದಾರೆ, ತಂಗಿ ಸ್ಕೂಲ್ ಬಸ್ಸಲ್ಲಿ ಹೋಗ್ತಾಳೆ, ಮುಂದಿನ ಸೆಮಿಸ್ಟರ್ 15ರ ಬದಲು 12 ಕ್ರೆಡಿಟ್, ಕೆಮಿಸ್ಟ್ರಿಗೆ ವಾರಕ್ಕೆ ಎರಡು ದಿನ ಟ್ಯೂಟರಿಂಗ್. ಒಂದೇ ಪುಟ. ಚಿಕ್ಕಪ್ಪ ಊರಿಂದ ಡೆತ್ ಸರ್ಟಿಫಿಕೇಟ್ ವಾಟ್ಸಾಪ್ ಮಾಡಿದ್ರು. ಒಂದು ಸೆಮಿಸ್ಟರ್ ಪ್ರೊಬೇಷನ್, ಅಂದ್ರೆ ಷರತ್ತಿನ ಮೇಲೆ ಏಡ್ ವಾಪಸ್, ಸಿಕ್ತು, ಆ 12 ಕ್ರೆಡಿಟೂ ಪಾಸ್ ಮಾಡಿದ. 69ಕ್ಕೆ 48, ಹತ್ರ ಹತ್ರ 70 ಪರ್ಸೆಂಟ್.

ಮಧ್ಯದಲ್ಲಿ ಅವರಪ್ಪ ಬಂದಿದ್ರು. ಮೇಡಂ, ಫೀಸ್ ಕಟ್ಟೋನು ನಾನು, ಮಗನ ಮಾರ್ಕ್ಸ್ ನನಗೆ ಹೇಳಲ್ಲ ಅಂದ್ರೆ ಏನ್ರೀ ಇದು ಅಂದ್ರು. ಫೆರ್ಪಾ ಅಂತ 1974ರ ಕಾಯ್ದೆ, ಕಾಲೇಜು ಸೇರಿದ್ಮೇಲೆ ರೆಕಾರ್ಡಿನ ಹಕ್ಕು ಮಕ್ಕಳದ್ದು, ಅವರು ಸಹಿ ಮಾಡಿಕೊಡೋ ತನಕ ನಮ್ಮ ಆಫೀಸಲ್ಲಿ ಬಾಯಿ ಬಿಡೋ ಹಾಗಿಲ್ಲ. ಅದಕ್ಕೇ ಮಗು ನಿಮಗೆ ತಾನಾಗಿ ಹೇಳ್ಬೇಕು, ಮತ್ತೆ ಅದು ಹೇಳ್ಬೇಕು ಅಂದ್ರೆ ಸಿ ಬಂತು ಅಂದಾಗ ಮನೇಲಿ ಭೂಕಂಪ ಆಗಬಾರದು. ನಾನೂ ತಾಯಿ, ಎಷ್ಟು ಕಷ್ಟ ಅಂತ ಗೊತ್ತಿದೆ. ಆದ್ರೂ ಹೇಳ್ತೀನಿ, ಸಿ ಅಂದ್ರೆ ಮುಗಿಸಿದ ಕ್ರೆಡಿಟ್, ಡಬ್ಲ್ಯೂ ಅಂದ್ರೆ ಮುಗಿಸದೇ ಇರೋದು. ಡಬ್ಲ್ಯೂ ಪುಕ್ಕಟೆ ಅಲ್ಲ.

ಹತ್ತು ನಿಮಿಷ ಅಂತ ಚೀಟಿ ಬಂತು, ಸರಿ. ನಮ್ಮ ಜನಕ್ಕೇ ಅಂತ ಇರೋ ಒಂದು ವಿಷಯ ಹೇಳ್ಬಿಡ್ತೀನಿ. ಎಚ್-4, ಅಂದ್ರೆ ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋ ವೀಸಾ, ಅದರಲ್ಲಿರೋ ಮಕ್ಕಳಿಗೆ ಫೆಡರಲ್ ಏಡ್ ಇಲ್ಲ. ಗ್ರೀನ್ ಕಾರ್ಡ್ ಕ್ಯೂ ಎಷ್ಟು ಉದ್ದ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಮಗು ಎರಡು ವರ್ಷ ಕೈಯಿಂದ ದುಡ್ಡು ಕಟ್ಟಿ ಓದಿರತ್ತೆ, ಹೇಗಿದ್ರೂ ಏಡ್ ಇಲ್ವಲ್ಲ ಅಂತ ಕೋರ್ಸ್ ಸೇರೋದು ಬಿಡೋದು ಮಾಡಿರತ್ತೆ, ಆಮೇಲೆ ಒಂದಿನ ಕಾರ್ಡ್ ಬರತ್ತೆ, ಮನೇಲಿ ಪಾಯಸ, ಮೊದಲ ಸಲ ಫಾಫ್ಸಾ, ಅದರ ಹಿಂದೇನೇ ಸ್ಯಾಪ್ ಫೇಲ್ ಅಂತ ಈಮೇಲ್! ಒಂದು ಡಾಲರ್ ತಗೊಂಡಿಲ್ಲ ಫೇಲ್ ಹೇಗೆ ಆಗ್ತೀವಿ ಅಂತ ಜಗಳಕ್ಕೆ ಬರ್ತಾರೆ. ಏಡ್ ತಗೊಳ್ಳದೇ ಓದಿದ ಸೆಮಿಸ್ಟರುಗಳೂ ಲೆಕ್ಕಕ್ಕೆ ಬರತ್ತೆ. ಕ್ಯೂನಲ್ಲಿ ಇರೋರು ಇವತ್ತಿಂದಲೇ ಏಡ್ ಇದೆ ಅನ್ನೋ ಹಾಗೆ ಓದಿಸಿ.

ಊರಲ್ಲಿ ಬಿಕಾಂ ಮಾಡಿ ಇಲ್ಲಿ ನರ್ಸಿಂಗ್ ಓದೋಣ ಅಂತಿರೋ ಅಕ್ಕಂದಿರು ಕೆಲವ್ರು ಕೇಳಿದ್ರಿ. ಅಲ್ಲಿಯ ಡಿಗ್ರಿನೂ ಡಿಗ್ರಿನೇ, ಅದಕ್ಕೆ ಪೆಲ್ ಸಿಗಲ್ಲ, ಗ್ರೀನ್ ಕಾರ್ಡ್ ಇದ್ರೆ ಲೋನ್ ಕೇಳಬಹುದು. ಅಲ್ಲಿಯ ಕ್ರೆಡಿಟ್ ಕಾಲೇಜು ಒಪ್ಕೊಂಡ್ರೆ ಅದು ಶುರುಮಾಡಿದ್ದು ಮುಗಿಸಿದ್ದು ಎರಡರಲ್ಲೂ ಸೇರತ್ತೆ, ಪೇಸ್‌ಗೆ ಒಳ್ಳೇದು, 150ರ ಮಿತಿಗೆ ಹತ್ತಿರ ತರತ್ತೆ.

ಇನ್ನು ಬೇಗ ಬೇಗ. ಸಸ್ಪೆಂಡ್ ಆದ್ಮೇಲೆ ಒಂದು ಸೆಮಿಸ್ಟರ್ ಮನೇಲಿ ಕೂತ್ರೆ ಸರಿಹೋಗತ್ತೆ ಅನ್ನೋದು ತಪ್ಪು, ಪರ್ಸೆಂಟೇಜ್ ಅಲ್ಲೇ ಇರತ್ತೆ. ಎಲ್ಲಾ ಕೋರ್ಸನ್ನೂ ಒಟ್ಟಿಗೆ ಬಿಡ್ಬೇಡಿ, ಸೆಮಿಸ್ಟರಿನ 60 ಪರ್ಸೆಂಟ್ ದಾಟೋ ಮುಂಚೆ ಪೂರ್ತಿ ಬಿಟ್ರೆ ಕೊಟ್ಟ ಏಡಲ್ಲಿ ಒಂದು ಪಾಲು ವಾಪಸ್ ಹೋಗತ್ತೆ, ಕಾಲೇಜು ನಿಮಗೆ ಬಿಲ್ ಕಳಿಸ್ಬಹುದು. ಶುರುವಿನ ಆಡ್-ಡ್ರಾಪ್ ವಾರದಲ್ಲಿ ಬಿಟ್ರೆ ಡಬ್ಲ್ಯೂ ಬರಲ್ಲ, ಬಿಡೋದಿದ್ರೆ ಆಗ ಬಿಡಿ. 2020ರಲ್ಲಿ ಕೋವಿಡ್ಡಿಂದ ಬಿಟ್ಟ ಕೋರ್ಸ್‌ನ ಲೆಕ್ಕಕ್ಕೆ ತಗೋಬೇಕಾಗಿಲ್ಲ ಅಂತ ಕೇರ್ಸ್ ಕಾಯ್ದೆ ಕಾಲೇಜುಗಳಿಗೆ ಅವಕಾಶ ಕೊಟ್ಟಿತ್ತು, ಅದಕ್ಕೇ ನಮ್ಮಕ್ಕನಿಗೆ ಏನೂ ಆಗ್ಲಿಲ್ಲ ಅಂತ ತಮ್ಮಂದಿರು ಹೇಳ್ತಾರೆ, ಆ ಕಾಲ ಮುಗೀತು. ಕಾಲೇಜಿಂದ ಕಾಲೇಜಿಗೆ ನಿಯಮ ಸ್ವಲ್ಪ ಬೇರೆ, ಕೆಲವು ಕಡೆ ವರ್ಷಕ್ಕೊಂದೇ ಸಲ ನೋಡ್ತಾರೆ, ಅಲ್ಲಿ ವಾರ್ನಿಂಗೇ ಇಲ್ಲ, ನೇರ ಸಸ್ಪೆಂಡ್. ನಿಮ್ಮ ಕಾಲೇಜಿನ ಹೆಸರು ಹಾಕಿ ಸ್ಯಾಪ್ ಪಾಲಿಸಿ ಅಂತ ಇವತ್ತು ರಾತ್ರಿ ಮಗು ಜೊತೆ ಕೂತು ಹುಡುಕಿ ಓದಿ.

ಲೋನ್ ಬಗ್ಗೆ ಬರ್ಕೊಂಡು ಬಂದಿದ್ದೆ, ಇನ್ನೊಂದಿನ ಮಾತಾಡೋಣ, ಅಡುಗೆಯವರು ಕೈ ಮಾಡ್ತಿದಾರೆ. ನಾನು ಊಟ ಆಗೋ ತನಕ ಚಪ್ಪಲಿ ಸ್ಟ್ಯಾಂಡ್ ಪಕ್ಕದ ಮೇಜಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತೀನಿ. ಮಕ್ಕಳು ಒಬ್ಬರೇ ಬಂದ್ರೂ ಸರಿ, ಅಪ್ಪ ಅಮ್ಮನ್ನ ದೂರ ಕೂರ್ಸಿ ಬಂದ್ರೂ ಸರಿ, ಟ್ರಾನ್ಸ್‌ಕ್ರಿಪ್ಟ್ ಫೋನಲ್ಲಿದ್ರೆ ಸಾಕು, ಪರ್ಸೆಂಟೇಜ್ ಅಲ್ಲೇ ಲೆಕ್ಕ ಹಾಕೋಣ. ಈ ವಾರ ಕೊನೇ ದಿನ ಇರೋರು ಮೊದ್ಲು ಬನ್ನಿ.