ಚೌತಿ ವಾರದಲ್ಲಿ ಯೋಗ: ಹಂಡೆ ನೀರು ಕಾಯುವಷ್ಟು ಹೊತ್ತು ಸಾಕು

[ದೃಶ್ಯ: ಶಿರಸಿ ಕಡೆಯ ಮನೆಯ ಬಚ್ಚಲು. ಒಲೆಯಲ್ಲಿ ಬೆಂಕಿ, ಮೇಲೆ ತಾಮ್ರದ ಹಂಡೆ. ಹೊರಗೆ ಮಳೆ.]

ನಮಸ್ಕಾರ. ಚೌತಿಗೆ ನಾಲ್ಕು ದಿನ ಇದೆ ಅನ್ನುವಾಗಲೇ ಯೋಗದ ಚಾಪೆ ಮೂಲೆ ಸೇರುತ್ತದೆ. ಗಣಪತಿಯ ಮೇಲೆ ಹಣ್ಣು-ಕಾಯಿಗಳ ಫಲಾವಳಿ ಕಟ್ಟಬೇಕು, ನೆರೆಹೊರೆಯವರೆಲ್ಲ ಕೂಡಿ ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳ ಆಗಬೇಕು, ನೆಂಟರಿಗೆ ಹಾಸಿಗೆ ಹೊಂದಿಸಬೇಕು. ‘ಹಬ್ಬ ಮುಗಿಯಲಿ, ನೋಡೋಣ’ ಅಂತ ಬಿಟ್ಟರೆ ಬೆನ್ನಿಗೇ ನವರಾತ್ರಿ, ಆಮೇಲೆ ದೊಡ್ಡಬ್ಬ (ದೀಪಾವಳಿ), ತುಳಸಿ ಲಗ್ನ. ಮತ್ತೆ ಚಾಪೆ ಬಿಡಿಸುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ.

ದಿನಾ ಒಂದು ಗಂಟೆ ಮಾಡುವವರೇ ಮೊದಲು ಬಿಡುವುದು. ಗಂಟೆ ಸಿಗದಿದ್ದರೆ ಮಾಡಿ ಏನು ಪ್ರಯೋಜನ ಅನ್ನಿಸಿಬಿಡುತ್ತದೆ. ಹಾಗಾಗಿ ಹಬ್ಬದ ವಾರಕ್ಕೆ ಅಳತೆಯನ್ನೇ ಬದಲಾಯಿಸಿ: 15 ನಿಮಿಷ, ಸ್ನಾನಕ್ಕೆ ಮೊದಲು. ಬಚ್ಚಲ ಒಲೆಗೆ ಬೆಂಕಿ ಹಾಕಿದಿರೋ, ಶುರು ಮಾಡಿ. ಕಾರವಾರದ ಫ್ಲ್ಯಾಟಿನಲ್ಲಿದ್ದರೆ ಗೀಸರ್ ಸ್ವಿಚ್ ಹಾಕಿ ಶುರು ಮಾಡಿ. ಒಮ್ಮೆ ಮಿಂದು ಮಡಿ ಉಟ್ಟರೆ ಮತ್ತೆ ಚಾಪೆಗೆ ಬರುವ ಮಾತೇ ಇಲ್ಲ.

[ದೃಶ್ಯ: ಜಗಲಿಯ ಒಂದು ಬದಿ. ಆರಡಿ ಉದ್ದ, ಎರಡಡಿ ಅಗಲದ ಜಾಗ.]

ತಾಡಾಸನದಲ್ಲಿ ನಿಂತು ಭುಜ, ಮಣಿಕಟ್ಟು ತಿರುಗಿಸುವುದಕ್ಕೆ 2 ನಿಮಿಷ. ಸೂರ್ಯನಮಸ್ಕಾರ ನಾಲ್ಕು ಸುತ್ತು, ಬಲಗಾಲಿನದೂ ಎಡಗಾಲಿನದೂ ಸೇರಿದರೆ ಒಂದು ಸುತ್ತು. ಇದಕ್ಕೆ 6 ನಿಮಿಷ. ಕೂತು ಬೆನ್ನು ತಿರುಚುವ ಅರ್ಧ ಮತ್ಸ್ಯೇಂದ್ರಾಸನ ಒಂದೊಂದು ಬದಿಗೆ 1 ನಿಮಿಷ, ಒಂದೊಂದೇ ಹೊಳ್ಳೆಯಲ್ಲಿ ಉಸಿರಾಡುವ ನಾಡಿಶೋಧನ 3, ಶವಾಸನ 2. ಮೂಗಿನಲ್ಲಿ ಉಸಿರು ಸಾಲದೆ ಬಾಯಿ ತೆರೆಯಬೇಕಾಯಿತು ಅಂದರೆ ಓಡಿದಿರಿ ಎಂದೇ ಅರ್ಥ. ಒಂದು ಸುತ್ತು ಬಿಡಿ. ಶವಾಸನ ಮಾತ್ರ ಬಿಡಬೇಡಿ. ಹಬ್ಬದ ಮನೆಯಲ್ಲಿ ಇಡೀ ದಿನಕ್ಕೆ ಸುಮ್ಮನೆ ಮಲಗಲು ಸಿಗುವುದು ಆ ಎರಡೇ ನಿಮಿಷ.

[ದೃಶ್ಯ: ಚಕ್ಕುಲಿ ಸುತ್ತುತ್ತಿರುವ ಕೈ, ಹತ್ತಿರದಿಂದ.]

ಈ ಕೈಯನ್ನು ಸರಿಯಾಗಿ ನೋಡಿ. ಹಿಟ್ಟಿನ ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹುರಿ ಮಾಡುತ್ತಲೇ ಸುತ್ತು ಹಾಕಬೇಕು. ಮಣಿಕಟ್ಟು ಒಂದೇ ಕಡೆ ಬಾಗಿದೆ, ಹೆಬ್ಬೆರಳಿನ ಬುಡ ಬಿಗಿದಿದೆ, ಕುತ್ತಿಗೆ ಕೆಳಗೆ, ಬೆನ್ನು ಗೂನು. ಹೀಗೆ ಎರಡು ಮೂರು ತಾಸು ಕೂತವರು ಮರುದಿನ ಸೂರ್ಯನಮಸ್ಕಾರದ ಪರ್ವತಾಸನದಲ್ಲಿ (ಸೊಂಟ ಮೇಲೆತ್ತುವ ಭಂಗಿ) ಅಂಗೈ ಊರಿದರೆ ಹೆಬ್ಬೆರಳಿನ ಬದಿಯ ಮಣಿಕಟ್ಟು ಚುಳ್ ಅನ್ನುತ್ತದೆ. ನೋವಿನ ಮೇಲೇ ಭಾರ ಹಾಕುತ್ತಾ ಹೋದರೆ ಅದು ವಾರಗಟ್ಟಲೆ ಉಳಿಯುತ್ತದೆ.

ಕಂಬಳದಲ್ಲಿ ಅರ್ಧ ತಾಸಿಗೊಮ್ಮೆ ಎದ್ದು ನಿಂತು, ಕೈ ಮೇಲೆತ್ತಿ ಐದು ಉಸಿರು ತೆಗೆದುಕೊಳ್ಳಿ. ರಾತ್ರಿ ಮಲಗುವ ಮುಂಚೆ ತೋಳು ಮುಂದೆ ಚಾಚಿ, ಅಂಗೈ ಎದುರಿಗೆ ತೋರುವಂತೆ ಬೆರಳು ಮೇಲೆತ್ತಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ, ಐದು ಉಸಿರು. ಬೆನ್ನಿಗೆ, ಬೋರಲು ಮಲಗಿ ಮೊಣಕೈ ನೆಲಕ್ಕೂರಿ ಎದೆ ಎತ್ತುವ ಭುಜಂಗಾಸನ, ಮೂರು ಸಲ. ಮರುದಿನವೂ ಮಣಿಕಟ್ಟು ನೋಯುತ್ತಿದ್ದರೆ ಸೂರ್ಯನಮಸ್ಕಾರ ಬೇಡ. ಗೋಡೆಗೆ ಸೊಂಟದ ಎತ್ತರದಲ್ಲಿ ಅಂಗೈ ಒತ್ತಿ, ಹಿಂದೆ ಸರಿದು ಬೆನ್ನು ನೇರ ಚಾಚಿದರೆ ಸಾಕು. ಮೆಟ್ಟುಗತ್ತಿಯಲ್ಲಿ (ಈಳಿಗೆ ಮಣೆ) ರಾಶಿ ಕಾಯಿ ತುರಿದವರಿಗೂ ಇದೇ ಆರೈಕೆ.

[ದೃಶ್ಯ: ಬಾಳೆಲೆ ಊಟದ ಪಂಕ್ತಿ.]

ಚೌತಿ ದಿನ ನೈವೇದ್ಯ ಆಗುವವರೆಗೆ ಹಲವರು ಏನೂ ತಿನ್ನುವುದಿಲ್ಲ. ಅಂಥವರು ಅವತ್ತು ಕಪಾಲಭಾತಿ (ಹೊಟ್ಟೆ ಒಳಗೆಳೆದು ಉಸಿರನ್ನು ರಭಸದಿಂದ ಹೊರಹಾಕುವುದು) ಕೈಬಿಡಿ, ಉಪವಾಸದಲ್ಲಿ ತಲೆ ತಿರುಗೀತು. ರಕ್ತದೊತ್ತಡ ಇರುವವರಿಗೆ ಅದು ಯಾವ ದಿನವೂ ಬೇಡ. ಊಟ ಏಳುವಾಗ ಮೂರು ಗಂಟೆ ಆಯಿತು ಅಂದುಕೊಳ್ಳಿ: ಹೊಟ್ಟೆ ತುಂಬಾ ಕಡುಬು, ಪಾಯಸ ಉಂಡ ಮೇಲೆ ಏಳು ಗಂಟೆವರೆಗೆ ಯಾವ ಆಸನವೂ ಬೇಡ. ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಒಂದು ಬಿಟ್ಟು. ಅದನ್ನು ಉಂಡ ಕೂಡಲೇ 5ರಿಂದ 10 ನಿಮಿಷ ಮಾಡಬಹುದು. ಪಾದದ ಗಂಟು ನೆಲಕ್ಕೆ ಒತ್ತಿ ನೋವಾದರೆ ಅದರ ಕೆಳಗೆ ಟವೆಲ್ ಸುತ್ತಿ ಇಡಿ. ಮಂಡಿ ನೋವಿನವರು ಕೂರುವುದೇ ಬೇಡ, ಅಂಗಳದಲ್ಲಿ ನಿಧಾನ ನಡೆಯಲಿ.

ಹಬ್ಬದಲ್ಲಿ ಪೂರ್ತಿ ಬಿಟ್ಟೇ ಹೋಯಿತೇ? ಮೊದಲ ದಿನ 24 ಸೂರ್ಯನಮಸ್ಕಾರ ಹಾಕಿ ಬಾಕಿ ತೀರಿಸಲು ಹೋಗಬೇಡಿ. ತೊಡೆಯ ಹಿಂಬದಿ ಸ್ನಾಯು ಹಿಡಿದುಕೊಳ್ಳುವುದು ಅವತ್ತೇ. ಎರಡು ದಿನ ಅರ್ಧ ಮಾಡಿ, ಮೂರನೆಯ ದಿನದಿಂದ ಏರಿಸಿ.

[ದೃಶ್ಯ: ಕಾರವಾರದ ಟಾಗೋರ್ ಕಡಲತೀರ, ಬೆಳಗ್ಗೆ.]

ದೀಪಾವಳಿ ಹೊತ್ತಿಗೆ ಮಳೆ ಹಿಂದಾದ ಮೇಲೆ ಕಡಲತೀರಕ್ಕೆ ಹೋಗಬಹುದು. ಒಣ ಮರಳಲ್ಲಿ ಅಂಗೈ ಬುಡ ಹೂತು ಮಣಿಕಟ್ಟು ಹೆಚ್ಚು ಬಾಗುತ್ತದೆ, ನೀರಿನ ಹತ್ತಿರದ ಗಟ್ಟಿ ಮರಳೇ ಒಳ್ಳೆಯದು. ಚಾಪೆಯನ್ನು ನೀರಿನ ಅಂಚಿಗೆ ಅಡ್ಡವಾಗಿ, ಕಡಲಿಗೆ ಮುಖ ಮಾಡಿ ಹಾಸಿ. ಅಂಚಿನ ಉದ್ದಕ್ಕೆ ಹಾಸಿದರೆ ಒಂದು ಕಾಲು ಇಳಿಜಾರಿನಲ್ಲಿ ನಿಂತು ಸೊಂಟ ವಾಲುತ್ತದೆ. ಶವಾಸನಕ್ಕೆ ತಲೆ ದಡದ ಕಡೆಗಿರಲಿ.

ಮಳೆಗಾಲದ ಚಾಪೆಯ ಬಗ್ಗೆ ಒಂದು ಮಾತು. ತೇವದಲ್ಲೇ ಸುತ್ತಿಟ್ಟರೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ಒರೆಸಿ, ಬಿಡಿಸಿ, ಗಾಳಿಗೆ ನೇತುಹಾಕಿ. ಬಚ್ಚಲ ಒಲೆಯ ಮೇಲೆ ಮಾತ್ರ ಬೇಡ, ರಬ್ಬರ್ ಬಿಸಿಗೆ ಮುರುಟುತ್ತದೆ.