ಹಿಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಮಲ್ಲಿಗೆ: ಮೂರು ಎಲೆಕ್ಟ್ರಿಕ್ ಕಾರು, ಒಂದೇ ರಸ್ತೆ

ನಮಸ್ಕಾರ. ಬೆಳಿಗ್ಗೆ ಆರೂಕಾಲು. ಇದು ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ಇರುವ ಬೀದಿ. ಕ್ಯಾಮೆರಾದಲ್ಲಿ ಅಗಲವಾಗಿ ಕಾಣುತ್ತದೆ. ಆದರೆ ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು. ಅಂಥ ಬೀದಿಯಲ್ಲಿ ಈಗ ಐದೂಕಾಲು ಮೀಟರ್ ಉದ್ದದ ಕಾರು ನಿಂತಿದೆ. ಮರ್ಸಿಡಿಸ್ ಇಕ್ಯೂಎಸ್. ಹಾಲು ಹಾಕುವ ಹುಡುಗ ಸೈಕಲ್ ನಿಲ್ಲಿಸಿ ಸುತ್ತ ಒಂದು ಸಲ ಬಂದು ಹೋದ.

ಕಾರು ನನ್ನದಲ್ಲ. ನಾನು ಡ್ರೈವರ್. ಬೆಂಗಳೂರಿನ ಒಂದು ಟ್ರಾವೆಲ್ಸ್‌ನಲ್ಲಿ ಕೆಲಸ. ಮದುವೆಗೆ, ಏರ್‌ಪೋರ್ಟ್‌ಗೆ, ದೊಡ್ಡವರ ಓಡಾಟಕ್ಕೆ ಇಂಥ ಕಾರುಗಳನ್ನು ಓಡಿಸುತ್ತೇನೆ. ಇಷ್ಟು ದಿನ ಎಷ್ಟೋ ಜನರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದೇನೆ. ಅಮ್ಮನನ್ನು ಮಾತ್ರ ಒಂದು ದಿನವೂ ಕೂರಿಸಿರಲಿಲ್ಲ. ಸಾಹುಕಾರರನ್ನು ಕೇಳಿದೆ. "ಭಾನುವಾರ ಬುಕಿಂಗ್ ಇಲ್ಲದಿದ್ದರೆ ತಗೊಂಡು ಹೋಗಪ್ಪ, ಚಾರ್ಜ್ ಮಾಡಿಸಿ ತಂದು ನಿಲ್ಲಿಸು" ಅಂದರು. ಹಾಗೆ ಮೂರು ಭಾನುವಾರ, ಮೂರು ಕಾರು. ಮೊದಲನೆಯದು ಈ ಇಕ್ಯೂಎಸ್ 580. ಎರಡನೆಯದು ಬಿಎಂಡಬ್ಲ್ಯು ಐ7. ಮೂರನೆಯದು ವೋಲ್ವೋ, ಅದು ನಮ್ಮೂರಿನ ಡಾಕ್ಟರ್ ಒಬ್ಬರದು. ರಸ್ತೆ ಒಂದೇ. ಮನೆಯಿಂದ ನಂದಿ ಗ್ರಾಮ, ಭೋಗನಂದೀಶ್ವರನ ದರ್ಶನ, ಆಮೇಲೆ ಬೆಟ್ಟ ಹತ್ತಿ ಇಳಿದು ವಾಪಸ್.

ಅಮ್ಮ ಹೂ ಕಟ್ಟುತ್ತಾಳೆ. ಮೂವತ್ತು ವರ್ಷದಿಂದ ಅದೇ ಕೆಲಸ. ಮೊದಲ ಭಾನುವಾರ ದೇವಸ್ಥಾನಕ್ಕೆ ಕೊಡಬೇಕಾದ ಹೂ ಇನ್ನೂ ಬಾಕಿ ಇತ್ತು. ಬುಟ್ಟಿ, ಒದ್ದೆ ಬಾಳೆನಾರು ಎರಡನ್ನೂ ಕಾರಿಗೇ ತಂದಳು. ಈ ವಿಡಿಯೋಗೆ ದಾರಿ ಸಿಕ್ಕಿದ್ದು ಅಲ್ಲಿಂದ. ಕಾರಿನ ಕಂಫರ್ಟ್ ಅಳೆಯಲು ನನ್ನ ಹತ್ತಿರ ಯಂತ್ರ ಇಲ್ಲ. ಅಮ್ಮನ ಬೆರಳು ಇದೆ.

ಮೊದಲು ನೋಟದ ಮಾತು ಮುಗಿಸಿಬಿಡುತ್ತೇನೆ. ಇಕ್ಯೂಎಸ್ ಅನ್ನು ಪಕ್ಕದಿಂದ ನೋಡಿ. ಬಾನೆಟ್ಟು, ಟಾಪು, ಡಿಕ್ಕಿ ಅಂತ ಬೇರೆಬೇರೆ ಇಲ್ಲ. ಬಿಲ್ಲು ಬಗ್ಗಿಸಿದ ಹಾಗೆ ಒಂದೇ ಗೆರೆ. ಗಾಳಿಯನ್ನು ಸೀಳಿಕೊಂಡು ಹೋಗಲಿ ಅಂತ ಹಾಗೆ ಮಾಡಿದ್ದಾರೆ. ಗಾಳಿ ಕಾರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಡ್ರ್ಯಾಗ್ ಅಂಕಿ ಇದಕ್ಕೆ 0.20. ಮಾರಾಟಕ್ಕೆ ಇರುವ ಕಾರುಗಳಲ್ಲಿ ಇದು ತುಂಬಾ ಕಡಿಮೆ. ಅಂಕಿ ಕಡಿಮೆ ಆದಷ್ಟೂ ಹೆದ್ದಾರಿಯಲ್ಲಿ ಕರೆಂಟ್ ಉಳಿಯುತ್ತದೆ, ಗಾಳಿಯ ಸದ್ದೂ ಇಳಿಯುತ್ತದೆ. 107.8 ಯೂನಿಟ್ ಬ್ಯಾಟರಿಗೆ 857 ಕಿಲೋಮೀಟರ್ ಅಂತ ನಮ್ಮ ದೇಶದ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಪರೀಕ್ಷೆಯಲ್ಲಿ ಬಂದಿರುವುದಕ್ಕೆ ಈ ಮೈಕಟ್ಟೂ ಒಂದು ಕಾರಣ. ಒಳಗೆ ಮುಂದಿನ ಡ್ಯಾಶ್‌ಬೋರ್ಡ್ ಪೂರ್ತಿ ಒಂದೇ ಗಾಜು. 141 ಸೆಂಟಿಮೀಟರ್ ಅಗಲ, ಅದರೊಳಗೆ ಮೂರು ಸ್ಕ್ರೀನ್. ರಾತ್ರಿ ಬೆಟ್ಟದ ರಸ್ತೆಯಲ್ಲಿ ನಾನು ಬ್ರೈಟ್‌ನೆಸ್ ಪೂರ್ತಿ ಇಳಿಸಿಕೊಳ್ಳುತ್ತೇನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕಲ್ವಾ.

ಇನ್ನೊಂದು ವಿಷಯ ಡ್ರೈವರ್‌ಗಳಿಗೆ ಮಾತ್ರ ಗೊತ್ತಿರುತ್ತದೆ. ಇದರ ಬಾನೆಟ್ಟನ್ನು ನಾವು ತೆಗೆಯುವ ಹಾಗಿಲ್ಲ. ಸರ್ವಿಸ್‌ನವರೇ ತೆಗೆಯಬೇಕು. ಗಾಜು ತೊಳೆಯುವ ನೀರು ಹಾಕಲು ಇಲ್ಲಿ ನೋಡಿ, ಎಡಗಡೆ ಮುಂದಿನ ಚಕ್ರದ ಮೇಲೆ ಚಿಕ್ಕ ಮುಚ್ಚಳ. ಒತ್ತಿದರೆ ಹೊರಗೆ ಬರುತ್ತದೆ. ಬೆಳಿಗ್ಗೆ ಎದ್ದು ಬಾನೆಟ್ ಎತ್ತಿ ಆಯಿಲ್, ಕೂಲೆಂಟ್ ನೋಡಿ ಕೈ ಒರೆಸಿಕೊಳ್ಳುವ ಅಭ್ಯಾಸ ನನಗೆ. ಮೊದಲ ವಾರ ಏನೋ ಮರೆತ ಹಾಗೆ ಅನ್ನಿಸುತ್ತಿತ್ತು.

ಐ7 ಬೇರೆ ಜಾತಿ. ಐದು ಮೀಟರ್ 39 ಸೆಂಟಿಮೀಟರ್ ಉದ್ದ. ಮುಂದೆ ದೊಡ್ಡ ಗ್ರಿಲ್, ಮೇಲೆ ತೆಳ್ಳಗಿನ ಲೈಟು, ಎತ್ತಿ ನಿಲ್ಲಿಸಿದ ಮುಖ. ಪೆಟ್ರೋಲ್ ಸೆವೆನ್ ಸೀರೀಸ್‌ಗೂ ಇದಕ್ಕೂ ಮೈ ಒಂದೇ. ಕಲ್ಯಾಣ ಮಂಟಪದ ಮುಂದೆ ನಿಂತರೆ ಜನ ದಾರಿ ಬಿಡುತ್ತಾರೆ. ನನಗೆ ನೋಟದಲ್ಲಿ ಇಕ್ಯೂಎಸ್ ಹೆಚ್ಚು ಇಷ್ಟ. ಅಮ್ಮನಿಗೆ ಐ7. "ಇದು ಕಾರು ಇದ್ದ ಹಾಗಿದೆ ಕಣಪ್ಪ, ಅದು ಸೋಪು ಇದ್ದ ಹಾಗಿತ್ತು" ಅಂದಳು. ಮದುವೆ ಮನೆಯವರು ಬುಕ್ ಮಾಡುವಾಗಲೂ ಹೆಚ್ಚು ಕೇಳುವುದು ಐ7.

ವೋಲ್ವೋ ಬಗ್ಗೆ ನೋಟದಲ್ಲಿ ಹೇಳುವುದು ಕಡಿಮೆ. ಎತ್ತರದ ಪುಟ್ಟ ಕಾರು, ಮುಂದೆ ಗ್ರಿಲ್ ಜಾಗದಲ್ಲಿ ಮುಚ್ಚಿದ ಫಲಕ. ಆದರೆ ಒಂದು ಹೆಮ್ಮೆಯ ವಿಷಯ ಇದೆ. ಇದನ್ನು ಜೋಡಿಸಿದ್ದು ಇಲ್ಲೇ ಹೊಸಕೋಟೆಯಲ್ಲಿ. 2022ರ ಜುಲೈನಲ್ಲಿ ಬಂದಾಗ ಎಕ್ಸ್‌ಸಿ40 ರೀಚಾರ್ಜ್ ಅಂತ ಹೆಸರಿತ್ತು. ಆಮೇಲೆ ಇಎಕ್ಸ್40 ಆಯಿತು. ಕೋಲಾರದ ಕಡೆ ಬಾಡಿಗೆಗೆ ಹೋಗುವಾಗಲೆಲ್ಲ ಹೊಸಕೋಟೆ ದಾಟುತ್ತೇನೆ. ಹಾಗಾಗಿ ನನಗೆ ಇದು ಪಕ್ಕದೂರಿನ ಕಾರು.

ಈಗ ಹತ್ತುವುದು, ಇಳಿಯುವುದು. ವಯಸ್ಸಾದವರಿರುವ ಮನೆಗೆ ಇದೇ ಮೊದಲ ಪ್ರಶ್ನೆ. ಶೋರೂಂನಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಅಮ್ಮನಿಗೆ ಎರಡೂ ಮಂಡಿ ನೋವು. ನೋಡಿ, ಇಕ್ಯೂಎಸ್‌ಗೆ ಹತ್ತುತ್ತಿದ್ದಾಳೆ. ಹಿಡಿ ಬಾಗಿಲೊಳಗೇ ಅಡಗಿರುತ್ತದೆ, ಹತ್ತಿರ ಹೋದರೆ ಹೊರಗೆ ಬರುತ್ತದೆ. ಬಿಲ್ಲಿನ ಆಕಾರದಿಂದ ಹಿಂದೆ ಟಾಪು ಇಳಿದು ಬಂದಿದೆ. ತಲೆ ಬಗ್ಗಿಸಬೇಕು. ಕೆಳಗೆ ಬ್ಯಾಟರಿ ಇರುವುದರಿಂದ ನೆಲ ಸ್ವಲ್ಪ ಎತ್ತರ, ಮಂಡಿ ಮೇಲೆ ಬರುತ್ತದೆ. ಕೂತ ಮೇಲೆ ಮೆತ್ತಗೆ ಸುಖ. ಐ7ರಲ್ಲಿ ಟಾಪು ಎತ್ತರ, ಬಾಗಿಲು ದೊಡ್ಡದು. ಗುಂಡಿ ಒತ್ತಿದರೆ ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಅಡ್ಡ ಏನಾದರೂ ಇದ್ದರೆ ಸೆನ್ಸರ್ ನಿಲ್ಲಿಸುತ್ತದೆ. ಮೊದಲ ಸಲ ಬಾಗಿಲು ತಾನಾಗಿ ಬಂದಾಗ ಅಮ್ಮ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಎರಡನೇ ಸಲ ಗುಂಡಿ ತಾನೇ ಒತ್ತಿದಳು. ವೋಲ್ವೋದಲ್ಲಿ ಇದ್ಯಾವುದೂ ಇಲ್ಲ. ಸೀಟು ಸರಿಯಾಗಿ ಸೊಂಟದ ಎತ್ತರಕ್ಕಿದೆ. ತಿರುಗಿ ಕೂತಳು, ಕಾಲು ಒಳಗೆ ತೆಗೆದುಕೊಂಡಳು, ಅಷ್ಟೇ.

ಈಗ ಹೂವಿನ ಕಡೆ ಕ್ಯಾಮೆರಾ ಇಟ್ಟಿದ್ದೇನೆ. ಹತ್ತಿರದಿಂದ ನೋಡಿ. ಎಡಗೈಯಲ್ಲಿ ನಾರು. ನಾಲ್ಕು ಮಲ್ಲಿಗೆ ಮೊಗ್ಗು, ಎರಡು ಈ ಕಡೆ, ಎರಡು ಆ ಕಡೆ. ನಾರು ಸುತ್ತಿ, ಕುಣಿಕೆ ಹಾಕಿ, ಬೆರಳಲ್ಲಿ ಎಳೆದು ಬಿಗಿ ಮಾಡಬೇಕು. ಬಿಗಿ ಮಾಡುವ ಆ ಒಂದು ಕ್ಷಣದಲ್ಲಿ ಕಾರು ಅಲುಗಿದರೆ ಮೊಗ್ಗಿನ ತೊಟ್ಟು ಮುರಿಯುತ್ತದೆ. ಅಮ್ಮ ಕಾರಿನ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಹಂಪ್ ಬರುವಾಗ ಬೆರಳು ನಿಲ್ಲುತ್ತದೋ ಇಲ್ಲವೋ ಅಂತ ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ.

ಇಕ್ಯೂಎಸ್‌ನಲ್ಲಿ ನಂದಿ ತಲುಪುವಷ್ಟರಲ್ಲಿ ಮೂರು ಮೊಳ ಆಗಿತ್ತು. ಐ7ರಲ್ಲಿ ಮೂರೂವರೆ. ಇವೆರಡರಲ್ಲೂ ಏರ್ ಸಸ್ಪೆನ್ಷನ್. ಲೋಹದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ ಕಾರನ್ನು ಹೊರುತ್ತದೆ. ರಸ್ತೆ ಕಿತ್ತುಹೋದ ಕಡೆ ಚಕ್ರ ಕೆಳಗೆ ಏನು ಮಾಡಿದರೂ ಮೇಲೆ ಬರೀ ತೂಗಿದ ಹಾಗೆ. ಐ7ರಲ್ಲಿ ಆ ತೂಗು ಇನ್ನೂ ನಿಧಾನ. ಹಳ್ಳ ಬಂದಾಗಲೂ ಅಮ್ಮನ ಬೆರಳು ನಿಲ್ಲಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಐ7 ಗೆದ್ದಿತು. ಮೇಲಿಂದ ಇಳಿಯುವ 31.3 ಇಂಚಿನ ಸ್ಕ್ರೀನ್ ಇಳಿಸಿ ಭಕ್ತಿಗೀತೆ ಹಾಕಿದೆ. ಅಮ್ಮ ಹತ್ತು ನಿಮಿಷಕ್ಕೆ ತೆಗೆಸಿದಳು. ದ್ರಾಕ್ಷಿ ತೋಟ ಕಾಣುತ್ತಿಲ್ಲ ಅಂದಳು. ವೋಲ್ವೋದಲ್ಲಿ ಸ್ಪ್ರಿಂಗೇ ಇರುವುದು. ಅದರಲ್ಲಿ ಎರಡು ಮೊಳ. ಕಿತ್ತುಹೋದ ರಸ್ತೆ ಬಂದಾಗ ಹೂ ಮಡಿಲಲ್ಲಿಟ್ಟು ಕಿಟಕಿ ಕಡೆ ತಿರುಗಿದಳು. ಒಳ್ಳೆ ರಸ್ತೆ ಬಂದ ಮೇಲೆ ಮತ್ತೆ ಶುರು ಮಾಡಿದಳು. ಮೂರನೇ ಒಂದು ಭಾಗದ ಬೆಲೆಯ ಕಾರಿಗೆ ಇದು ಚೆನ್ನಾಗಿಯೇ ಇದೆ ಅನ್ನಿಸಿತು.

ಇಲ್ಲಿ ಡ್ರೈವರ್‌ನ ಕಾಲಿನ ವಿಷಯ ಹೇಳಲೇಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಡೈನಮೋ ಥರ ತಿರುಗಿ ಕರೆಂಟ್ ವಾಪಸ್ ಬ್ಯಾಟರಿಗೆ ಹಾಕುತ್ತದೆ. ಆಗ ಕಾರು ಬ್ರೇಕ್ ಹಾಕಿದ ಹಾಗೆ ನಿಧಾನ ಆಗುತ್ತದೆ. ಇಕ್ಯೂಎಸ್‌ನಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಿಂದ ಇದನ್ನು ಜಾಸ್ತಿ ಕಡಿಮೆ ಮಾಡಬಹುದು. ಐ7ರಲ್ಲಿ ಈ ತಡೆಯನ್ನು ಜಾಸ್ತಿ ಮಾಡುವ ಬಿ ಮೋಡ್ ಇದೆ. ವೋಲ್ವೋದಲ್ಲಿ ಸ್ಕ್ರೀನ್‌ನಲ್ಲಿ ಒನ್ ಪೆಡಲ್, ಅಂದರೆ ಆಕ್ಸಿಲರೇಟರ್ ಒಂದರಿಂದಲೇ ಓಡಿಸಿ ನಿಲ್ಲಿಸುವ ಸೆಟ್ಟಿಂಗ್, ಆನ್ ಮಾಡಬೇಕು. ಓಡಿಸುವವನಿಗೆ ಇದು ಖುಷಿ. ಹಿಂದೆ ಕೂತವರಿಗೆ ಪ್ರತಿ ಸಲ ತಲೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಎಂಜಿನ್ ಸದ್ದೂ ಇಲ್ಲ, ಹಾಗಾಗಿ ಕಾರು ಯಾವಾಗ ಎಳೆಯುತ್ತದೆ, ಯಾವಾಗ ತಡೆಯುತ್ತದೆ ಅಂತ ಅವರಿಗೆ ಮೊದಲೇ ತಿಳಿಯುವುದಿಲ್ಲ. ನಾನು ಈ ಕೆಲಸಕ್ಕೆ ಹೊಸಬನಿದ್ದಾಗ ಒಬ್ಬ ಅಜ್ಜಿ ದೇವನಹಳ್ಳಿ ಹತ್ತಿರ ಕಾರು ನಿಲ್ಲಿಸಿ ವಾಂತಿ ಮಾಡಿಕೊಂಡರು. ತಪ್ಪು ಕಾರಿನದ್ದಲ್ಲ, ನನ್ನ ಕಾಲಿನದ್ದು. ಆ ಸಂಕಟ ನನ್ನನ್ನು ಬಹಳ ದಿನ ಕಾಡಿತು. ಅಂದಿನಿಂದ ಹಿರಿಯರು ಹತ್ತಿದರೆ ಮೊದಲು ಇದನ್ನು ಕಡಿಮೆಗೆ ಇಳಿಸುತ್ತೇನೆ. ಪೆಡಲನ್ನು ಪಟ್ಟನೆ ಬಿಡುವುದಿಲ್ಲ, ಹಾಲಿನ ಪಾತ್ರೆ ನೆಲಕ್ಕಿಡುವ ಹಾಗೆ ಬಿಡುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎಲೆಕ್ಟ್ರಿಕ್ ಕಾರಿನಲ್ಲಿ ತಲೆ ಸುತ್ತುತ್ತಿದ್ದರೆ ಇವತ್ತೇ ಈ ಸೆಟ್ಟಿಂಗ್ ಬದಲಾಯಿಸಿ ನೋಡಿ.

ಬೆಟ್ಟ ಇಳಿಯುವಾಗ ಮಾತ್ರ ಜಾಸ್ತಿಗೇ ಇಡುತ್ತೇನೆ. ಒಂದು ಲೆಕ್ಕ ಹೇಳುತ್ತೇನೆ. ನಂದಿ ಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್. ಕಾರು ಕೆಳಗಿಂದ ಹತ್ತುವ ಎತ್ತರ 500 ಮೀಟರ್ ಅಂತ ಇಟ್ಟುಕೊಳ್ಳಿ. ಜನ ಸೇರಿ 2.7 ಟನ್ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು 3.7 ಯೂನಿಟ್ ಕರೆಂಟ್ ಬೇಕು. ಇಳಿಯುವಾಗ ಅದರಲ್ಲಿ ಅರ್ಧದಷ್ಟಾದರೂ ವಾಪಸ್ ಬರುತ್ತದೆ. ಬ್ರೇಕ್ ಕಾಯುವುದಿಲ್ಲ. ಶನಿವಾರ ಭಾನುವಾರ ಈ ತಿರುವುಗಳಲ್ಲಿ ಬ್ರೇಕ್ ಸುಟ್ಟ ವಾಸನೆ ಎಷ್ಟು ಬರುತ್ತದೆ ಅಂತ ಇಲ್ಲಿಗೆ ಬಂದವರಿಗೆ ಗೊತ್ತು.

ಇನ್ನು ದಿನನಿತ್ಯದ ಓಡಾಟ. ನಮ್ಮ ಬೀದಿಯ ತಿರುವು ನೋಡಿ, ಒಂದು ಕಡೆ ಕಾಂಪೌಂಡ್, ಇನ್ನೊಂದು ಕಡೆ ಮೋರಿ. ಇಷ್ಟುದ್ದದ ಇಕ್ಯೂಎಸ್ ಇಲ್ಲಿ ಒಂದೇ ಸಲಕ್ಕೆ ತಿರುಗಿತು. ಯಾಕೆಂದರೆ ಹಿಂದಿನ ಚಕ್ರಗಳೂ ತಿರುಗುತ್ತವೆ, ಹೆಚ್ಚೆಂದರೆ 10 ಡಿಗ್ರಿ. ಹಿಂದೆ ಬರುವ ಕ್ಯಾಮೆರಾದಲ್ಲಿ ಕಾಣುತ್ತದೆ ನೋಡಿ, ಮುಂದಿನ ಚಕ್ರ ಬಲಕ್ಕೆ, ಹಿಂದಿನದು ಎಡಕ್ಕೆ. ಹಂಪ್ ಬಂದರೆ ಗುಂಡಿ ಒತ್ತಿ ಕಾರನ್ನು ಎರಡೂವರೆ ಸೆಂಟಿಮೀಟರ್ ಮೇಲೆತ್ತಬಹುದು. ನಮ್ಮ ಕಡೆ ಹಂಪ್ ಅಂದರೆ ಊರಿನವರೇ ಹಾಕಿಸಿದ್ದು, ಲೆಕ್ಕ ಇಲ್ಲ, ಅಳತೆ ಇಲ್ಲ. ಹಾಗಾಗಿ ಉದ್ದದ ಕಾರನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸುತ್ತೇನೆ. ಐ7ನ್ನೂ ಹಾಗೆಯೇ. ವೋಲ್ವೋಗೆ ಈ ಯೋಚನೆಯೇ ಬೇಡ.

ವೋಲ್ವೋದಲ್ಲಿ ಸ್ಟಾರ್ಟ್ ಬಟನ್ನೇ ಇಲ್ಲ. ಕೂತರೆ ಸೀಟಿಗೆ ಗೊತ್ತಾಗುತ್ತದೆ. ಬ್ರೇಕ್ ಒತ್ತಿ ಡಿಗೆ ಹಾಕಿದರೆ ಹೊರಟಿತು. 408 ಹಾರ್ಸ್‌ಪವರ್, ನಿಂತಲ್ಲಿಂದ ನೂರಕ್ಕೆ 4.9 ಸೆಕೆಂಡ್. ಐ7 ತೆಗೆದುಕೊಳ್ಳುವುದು 4.7. ಸಂತೆಗೆ, ಕ್ಲಿನಿಕ್‌ಗೆ, ಮಕ್ಕಳನ್ನು ಶಾಲೆಗೆ ಬಿಡಲು ಡಾಕ್ಟರ್ ಇದನ್ನೇ ಓಡಿಸುತ್ತಾರೆ, ಡ್ರೈವರ್ ಇಲ್ಲದೆ. ನನ್ನನ್ನು ಕರೆಯುವುದು ದೂರದ ಊರಿಗೆ ಹೋಗುವಾಗ ಮಾತ್ರ.

ಚಾರ್ಜಿಂಗ್ ಬಗ್ಗೆ ಕಾಮೆಂಟಿನಲ್ಲಿ ಎಲ್ಲರೂ ಕೇಳುತ್ತೀರಿ. ನಮ್ಮ ಮನೆಗೆ ಮಂಜೂರಾದ ಲೋಡ್ 3 ಕಿಲೋವಾಟ್. ಗ್ರೈಂಡರ್ ಹಾಕುವ 16 ಆಂಪಿಯರ್ ಪ್ಲಗ್‌ನಿಂದ ಇಕ್ಯೂಎಸ್ ತುಂಬಿಸಲು ಒಂದೂವರೆ ದಿನ ಬೇಕು. ತ್ರೀ ಫೇಸ್ ಇದ್ದು 11 ಕಿಲೋವಾಟ್ ಚಾರ್ಜರ್ ಹಾಕಿಸಿದ್ದರೆ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯಬಹುದು. ಇಂಥ ಕಾರು ಕೊಳ್ಳುವ ಯೋಚನೆ ಇದ್ದರೆ ಮೊದಲು ಬೆಸ್ಕಾಂ ಆಫೀಸಿಗೆ ಹೋಗಿ ಲೋಡ್ ಹೆಚ್ಚಿಸಿಕೊಳ್ಳಿ, ಆಮೇಲೆ ಬಣ್ಣ ಆರಿಸಿ. ಫಾಸ್ಟ್ ಚಾರ್ಜರ್‌ನಲ್ಲಿ ಐ7 195 ಕಿಲೋವಾಟ್‌ವರೆಗೆ, ಇಕ್ಯೂಎಸ್ 200ರವರೆಗೆ ತೆಗೆದುಕೊಳ್ಳುತ್ತವೆ. ಆದರೆ ಹೆದ್ದಾರಿ ಹೋಟೆಲುಗಳಲ್ಲಿ ನನಗೆ ಹೆಚ್ಚಾಗಿ ಸಿಕ್ಕಿದ್ದು 60ರದ್ದು. ಅದರಲ್ಲಿ 70 ಯೂನಿಟ್ ತುಂಬಲು ಒಂದು ಗಂಟೆಗೂ ಜಾಸ್ತಿ. ಒಂದು ಸಲ ಒಂದು ಹೋಟೆಲ್ ಮುಂದೆ ಚಾರ್ಜರ್ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲಿಸಿ ಮನೆಮಂದಿಯೆಲ್ಲ ಊಟಕ್ಕೆ ಹೋಗಿದ್ದರು. ನಲವತ್ತು ನಿಮಿಷ ಕಾದೆ. ನನ್ನ ಹಿಂದೆ ಮದುವೆ ಹುಡುಗನ ತಂದೆ ಕೂತಿದ್ದರು. ಹಾಗಾಗಿ ಒಂದು ಯೂನಿಟ್‌ಗೆ ಐದು ಕಿಲೋಮೀಟರ್ ಅಂತ ಮಾತ್ರ ಹಿಡಿದು ಹೊರಡುತ್ತೇನೆ, ಕಂಪನಿ ಅಂಕಿ ಎಷ್ಟೇ ಇರಲಿ.

ಇನ್ನೊಂದು, ನಮ್ಮ ಕೆಲಸದವರ ಪರವಾಗಿ. ಮದುವೆಯಲ್ಲಿ ಡ್ರೈವರ್ ಐದಾರು ಗಂಟೆ ಕಾರಿನಲ್ಲೇ ಕಾಯುತ್ತಾನೆ. ಡೀಸೆಲ್ ಕಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಸಿಲಲ್ಲಿ ಬೇಯುತ್ತಿದ್ದೆವು. ಇದರಲ್ಲಿ ಸದ್ದಿಲ್ಲ, ಹೊಗೆಯಿಲ್ಲ, ಎಸಿ ಹಾಕಿಕೊಂಡು ಕೂತರೆ ಗಂಟೆಗೆ ಒಂದೆರಡು ಯೂನಿಟ್ ಹೋದೀತು. ಕಾರು ಇರುವವರು ದಯವಿಟ್ಟು ನಿಮ್ಮ ಡ್ರೈವರ್‌ಗೆ ಎಸಿ ಹಾಕಿಕೋ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವನು ಹಾಕಿಕೊಳ್ಳುವುದಿಲ್ಲ.

ಬೆಲೆ: ಇಕ್ಯೂಎಸ್ 2022ರಲ್ಲಿ ಬಂದಾಗ 1.55 ಕೋಟಿ, ಪುಣೆ ಹತ್ತಿರ ಚಾಕಣ್‌ನಲ್ಲಿ ಜೋಡಿಸಿದ್ದು. ಐ7 2023ರ ಜನವರಿಯಲ್ಲಿ 1.95 ಕೋಟಿ, ಹೊರಗಿನಿಂದ ಬಂದದ್ದು. ವೋಲ್ವೋ 2022ರಲ್ಲಿ ಬಂದಾಗ 55.9 ಲಕ್ಷ. ಎಲ್ಲ ಎಕ್ಸ್ ಶೋರೂಂ. 2024ರಿಂದ ಕರ್ನಾಟಕದಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10ರಷ್ಟು ಲೈಫ್‌ಟೈಮ್ ತೆರಿಗೆಯೂ ಬಂತು.

ಹಿಂದೆ ಕೂರುವವರಿಗಾಗಿ ಕೊಳ್ಳುವುದಾದರೆ ಐ7 ಅನ್ನುತ್ತೇನೆ. ತಾನೇ ಓಡಿಸುವವರಿಗೆ, ಅದೂ ನಮ್ಮಂಥ ಊರಿನಲ್ಲಿ, ವೋಲ್ವೋ. ಇಕ್ಯೂಎಸ್ ಅನ್ನು ನಾನು ಹೆದ್ದಾರಿಗೆ ಇಟ್ಟುಕೊಳ್ಳುತ್ತೇನೆ, ರಾತ್ರಿ ಹನ್ನೊಂದರ ಮೇಲೆ ಬಾಗೇಪಲ್ಲಿ ಕಡೆಯಿಂದ ಖಾಲಿ ರಸ್ತೆಯಲ್ಲಿ ಬರುವಾಗ ಅದರ ಮೌನವೇ ಬೇರೆ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಅವರನ್ನು ಹಿಂದೆ ಕೂರಿಸಿ, ನಿಮ್ಮ ಬೀದಿಯವರೆಗೂ ಓಡಿಸಿ ನೋಡಿ.

ಇದು ಮೂರನೇ ಭಾನುವಾರ ಸಂಜೆ. ಮನೆ ಮುಂದೆ ವೋಲ್ವೋ ನಿಲ್ಲಿಸಿದ್ದೇನೆ. ಅಮ್ಮ ಇಳಿದು, ಕಟ್ಟಿದ ಹೂವನ್ನು ಮೊಣಕೈಗೆ ಹಿಡಿದು ಅಳೆಯುತ್ತಿದ್ದಾಳೆ. ಒಂದು ಮೊಳ ಕತ್ತರಿಸಿ ನನ್ನ ಕೈಗೆ ಕೊಟ್ಟಳು. "ಡಾಕ್ಟರಮ್ಮನಿಗೆ ಕೊಡು, ಕಾರು ಕೊಟ್ಟಿದ್ದಕ್ಕೆ" ಅಂದಳು. ಬಾಡದೆ ಇರಲಿ ಅಂತ ಎಸಿ ಹಾಕಿಕೊಂಡೇ ಹೊರಟಿದ್ದೇನೆ.